ಬಿಹೋವ್ ಕಲಿಸಿದ ಶರೀಫುನ್ನೀಸಾ

ಶರೀಫುನ್ನೀಸಾ ಹೋಗಿಬಿಟ್ಟಳು. ಅವಳ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಹಳೆಯ ವಿದ್ಯಾರ್ಥಿಗಳು ಕೇಳಿದ್ದರು. ನಾಲ್ಕು ಮಾತಿನಲ್ಲಿ ಮುಗಿಯುವುದಿಲ್ಲ ಎಂದು ಅವರಿಗೆ ಆಗಲೇ ಹೇಳಿದ್ದೇನೆ.

ಅವಳ ಮನೆ ತರೀಕೆರೆಯಲ್ಲಿ, ನನ್ನದೂ ಅಲ್ಲೇ. ಇಬ್ಬರಿಗೂ ಕೆಲಸ ಅಜ್ಜಂಪುರದ ಒಂದು ಪ್ರೌಢಶಾಲೆಯಲ್ಲಿ. ಅವಳು ಇಂಗ್ಲಿಷ್, ನಾನು ಕನ್ನಡ. ಕೆಲಸಕ್ಕೆ ಸೇರಿದ ವರ್ಷದಿಂದ ನಿವೃತ್ತಿಯಾಗುವ ತನಕ ಬೆಳಗಿನ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಹೋಗಿ, ಸಂಜೆ ಒಂದೇ ಸೀಟಿನಲ್ಲಿ ಬಂದೆವು. ಕಿಟಕಿಯ ಪಕ್ಕ ಯಾವಾಗಲೂ ಅವಳೇ. "ನಿಂಗೆ ಕಿಟಕಿ ಕೊಟ್ರೆ ನಿದ್ದೆ ಮಾಡ್ತೀಯ, ನಾನಾದ್ರೆ ನೋಡ್ತೀನಿ," ಎನ್ನುತ್ತಿದ್ದಳು. ಮದುವೆಯಾಗಿ ಸ್ವಲ್ಪ ಕಾಲಕ್ಕೇ ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ತಮ್ಮ ಶೌಕತ್ ಅಲಿಯ ಮನೆಯಲ್ಲಿದ್ದಳು. ಅವನದು ವಾಹನಗಳ ಸೀಟಿಗೆ ಕುಶನ್ ಹೊಲಿಯುವ ಅಂಗಡಿ. ನಮ್ಮ ಬಸ್ಸಿನ ಸೀಟು ಹರಿದಿದ್ದರೆ ಅವಳಿಗೆ ಸಿಟ್ಟು ಬರುತ್ತಿತ್ತು. "ನನ್ನ ತಮ್ಮನ ಹತ್ರ ಕಳ್ಸಿದ್ರೆ ಒಂದೇ ದಿನದಲ್ಲಿ ಮಾಡ್ಕೊಡ್ತಾನಲ್ರೀ," ಎಂದು ಕಂಡಕ್ಟರಿಗೆ ಗದರಿಸುತ್ತಿದ್ದಳು.

ಶಾಲೆಯಲ್ಲಿ ನನ್ನ ತರಗತಿಗೂ ಅವಳ ತರಗತಿಗೂ ನಡುವೆ ಹಲಗೆಯ ತಡಿಕೆ. ನಾನು ಮಕ್ಕಳಿಗೆ ಬರೆಯಲು ಹಾಕಿ ಕುಳಿತಿದ್ದಾಗ ಅವಳ ಪಾಠ ನನ್ನ ಕಿವಿಗೂ ಬೀಳುತ್ತಿತ್ತು. ಒಂದು ಮಧ್ಯಾಹ್ನ ಅವಳು ಪುಸ್ತಕದಲ್ಲಿಲ್ಲದ ಒಂದು ಕ್ರಿಯಾಪದ ಹಿಡಿದುಕೊಂಡಿದ್ದಳು.

"ಮಸ್ಟ್ ಅಂದ್ರೆ ಬೆನ್ನಹಿಂದೆ ಯಾರೋ ಕೋಲು ಹಿಡ್ಕೊಂಡು ನಿಂತಿದ್ದಾರೆ ಅಂತ. ನೀಡ್ ಅಂದ್ರೆ ನಿನ್ನ ಹೊಟ್ಟೇನೇ ಕೇಳ್ತಿದೆ ಅಂತ. ಇದು ಬಿಹೋವ್. ಇಲ್ಲಿ ಕೋಲೂ ಇಲ್ಲ, ಹಸಿವೂ ಇಲ್ಲ. ಆದ್ರೆ ಮಾಡ್ದೆ ಸುಮ್ನಿದ್ರೆ ನಿನಗೆ ಶೋಭೆ ಅಲ್ಲ. ಇಟ್ ಬಿಹೋವ್ಸ್ ಅಸ್ ಟು ಹೆಲ್ಪ್ ಅವರ್ ನೇಬರ್ಸ್. ಯಾವಾಗ್ಲೂ ಇಟ್ ಅಂತ್ಲೇ ಶುರು. ಐ ಬಿಹೋವ್ ಅಂದ್ರೆ ತಪ್ಪು. ರೇಷನ್ ಅಂಗಡಿ ಮುಂದೆ ನಿಂತು ಆಡೋ ಮಾತಲ್ಲ ಇದು, ಗಂಭೀರವಾಗಿ ಬರೆಯೋವಾಗ ಬರೋದು. ಅಮೆರಿಕದವರು ಬಿಹೂವ್ ಅಂತಾರೆ, ಅವರಿಗೆ ಒಂದು ಓ ಜಾಸ್ತಿ."

ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಮೇಡಂ, ಪರೀಕ್ಷೇಲಿ ಬರತ್ತಾ?"

"ಬರಲ್ಲ ಕಣೋ. ಬರೋದನ್ನ ಗೈಡ್‌ನವರು ಹೇಳ್ಕೊಡ್ತಾರೆ."

ಮಾರನೆಯ ವಾರ ಅಂತರಘಟ್ಟೆ ಕಡೆಯಿಂದ ಬರುತ್ತಿದ್ದ ಅಶ್ವಿನಿ ಎಂಬ ಹುಡುಗಿ ರಜೆಯ ಅರ್ಜಿ ಕಳಿಸಿದಳು. ನನಗೆ ಜ್ವರ ಬಂದಿರುವುದರಿಂದ ಇಟ್ ಬಿಹೋವ್ಸ್ ಮಿ ಟು ಟೇಕ್ ಲೀವ್ ಎಂದು. ಅವತ್ತು ಬಸ್ಸಿನಲ್ಲಿ ಶರೀಫಾ ನಕ್ಕಿದ್ದೇ ನಕ್ಕಿದ್ದು. "ಜ್ವರಕ್ಕೆ ಮಲಗೋದು ಈ ಹುಡುಗಿಗೆ ಧರ್ಮ ಆಗ್ಹೋಯ್ತಲ್ಲೇ ಪಂಕಜಾ! ಪಾಪ, ರಜ ಕೊಟ್ಟೆ. ಮಾರ್ಕ್ಸ್ ಮಾತ್ರ ಕೊಡಲ್ಲ."

ನಮ್ಮಲ್ಲೂ ಅಂಥದೊಂದು ಮಾತಿದೆ ಎಂದೆ ನಾನು. ತಕ್ಕದ್ದು. ಒಪ್ಪುವಂಥದ್ದು, ಮಾಡಲೇಬೇಕಾದದ್ದು, ಎರಡೂ ಅದರಲ್ಲಿದೆ. ಅವಳಿಗೆ ಬಹಳ ಖುಷಿಯಾಯಿತು. ಎರಡು ಸಲ ಬಾಯಲ್ಲಿ ಹೇಳಿ ನೋಡಿದಳು. ಆಮೇಲೆ ಬಸ್ಸಿನ ತಗಡಿನ ಮೇಲೆ ಬರೆದಿದ್ದನ್ನು ತೋರಿಸಿದಳು. ಪ್ರಯಾಣಿಕರು ಟಿಕೆಟ್ ಕೇಳಿ ಪಡೆಯತಕ್ಕದ್ದು.

"ನೋಡು, ಅಷ್ಟು ಚೆಂದದ ಮಾತಿಗೆ ಸರ್ಕಾರದವ್ರು ಖಾಕಿ ತೊಡಿಸಿ ನಿಲ್ಸಿದ್ದಾರೆ," ಎಂದಳು.

ಇದನ್ನೆಲ್ಲ ಬರೆಯುವುದಕ್ಕೆ ಕಾರಣವಿದೆ. ಆ ಕ್ರಿಯಾಪದವನ್ನು ಅವಳು ಪಾಠಕ್ಕೆಂದು ಹುಡುಕಿ ತಂದವಳಲ್ಲ. ಅದರಲ್ಲೇ ಬದುಕುತ್ತಿದ್ದಳು.

ನಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ತರೀಕೆರೆಯ ರೈಲು ನಿಲ್ದಾಣದ ಹತ್ತಿರ ಚಿಂದಿ ಆಯುತ್ತಿದ್ದ ಮುದುಕಿಯೊಬ್ಬಳು ಸತ್ತಳು. ಗಂಟಿನಲ್ಲಿ ಜಪಮಣಿ ಸಿಕ್ಕಿದ್ದರಿಂದ ಮುಸ್ಲಿಮಳೆಂದು ಗೊತ್ತಾಯಿತು. ಗಂಡಸರು ಮಸೀದಿಯ ಹಿಂದಿನ ಅಂಗಳಕ್ಕೆ ತಂದಿಟ್ಟರು. ಗೋರಿ ತೋಡಲು ಜನ ಸಿಕ್ಕರು, ಬಟ್ಟೆ ಕೊಡಲು ಅಂಗಡಿಯವರು ಸಿಕ್ಕರು. ಆದರೆ ಹೆಣ್ಣಿಗೆ ಕೊನೆಯ ಸ್ನಾನ ಹೆಂಗಸರೇ ಮಾಡಿಸಬೇಕು. ಮನೆಯವರಿದ್ದಿದ್ದರೆ ಅವರ ಕಡೆಯ ಹೆಂಗಸರು ಕೈಹಾಕುತ್ತಿದ್ದರು. ಅವಳಿಗೆ ಮನೆಯೇ ಇರಲಿಲ್ಲ. ಆ ಕೆಲಸ ಬಲ್ಲ ಹಾಜಿರಾಬಿ ಎಂಬಾಕೆ ಇದ್ದದ್ದು ಕಡೂರಿನಲ್ಲಿ, ಅವತ್ತು ಊರಿನಲ್ಲಿರಲಿಲ್ಲ. ಬಸ್ಸಿಗೆಂದು ಆ ದಾರಿಯಲ್ಲಿ ಬಂದ ಶರೀಫಾ ವಿಷಯ ಕೇಳಿ, ಊಟದ ಡಬ್ಬಿಯಿದ್ದ ಚೀಲ ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದಳು. ತನ್ನ ತಾಯಿ ತೀರಿಕೊಂಡಾಗ ಹಾಜಿರಾಬಿಯ ಜೊತೆ ನಿಂತು ಕಲಿತಿದ್ದಳಂತೆ.

ಮಾರನೆಯ ದಿನ ಮುಖ್ಯೋಪಾಧ್ಯಾಯ ಸೋಮಶೇಖರಪ್ಪನವರು ಕೇಳಿದರು: "ಏನಮ್ಮಾ, ಹೇಳ್ದೆ ಕೇಳ್ದೆ ರಜ. ಸತ್ತೋರು ನಿಮಗೆ ಏನಾಗ್ಬೇಕು?"

"ಗೊತ್ತಿಲ್ಲ ಸಾರ್."

"ಹೆಸರು?"

"ಅದೂ ಗೊತ್ತಿಲ್ಲ ಸಾರ್."

ಅವರು ಕನ್ನಡಕ ತೆಗೆದು ಅವಳನ್ನು ನೋಡಿ, ಮತ್ತೆ ಹಾಕಿಕೊಂಡು, ಹೋಗಿ ಪಾಠ ಮಾಡಿ ಎಂದರು.

ಅಲ್ಲಿಂದ ಮುಂದೆ ತರೀಕೆರೆಯ ಮುಸ್ಲಿಂ ಮನೆಗಳಲ್ಲಿ ಹೆಣ್ಣು ತೀರಿಕೊಂಡರೆ ಮೊದಲ ಸುದ್ದಿ ಅವಳಿಗೆ. ಯಾರೂ ಗೊತ್ತುಮಾಡಿದ್ದಲ್ಲ, ಹಾಗೇ ನಡೆದುಬಂತು. ಸ್ನಾನದ ಹಲಗೆಗೂ ಪರದೆಗೂ ಮಸೀದಿಗೆ ಹೇಳಿಕಳಿಸುವುದು, ಹೆಣಕ್ಕೆ ಸುತ್ತುವ ಕಫನ್ ಬಟ್ಟೆಗೆ ಅಂಗಡಿಗೆ ಹೇಳುವುದು, ಹಂಡೆ ಒಲೆಗೆ ಏರಿಸುವುದು, ಜೊತೆಗೆ ಕೈಹಾಕಲು ಮನೆಯ ಹೆಂಗಸರಿಬ್ಬರನ್ನು ಆರಿಸುವುದು, ಎಲ್ಲ ಅವಳದೇ. ಕೂಲಿ ಮುಟ್ಟುತ್ತಿರಲಿಲ್ಲ. ಶಾಲೆಯ ದಿನವಾದರೆ ಮುಗಿಸಿ, ತಾನೂ ತಲೆಗೆ ನೀರು ಹಾಕಿಕೊಂಡು, ಒದ್ದೆ ಜಡೆಯಲ್ಲೇ ಮುಂದಿನ ಬಸ್ಸಿಗೆ ಬರುತ್ತಿದ್ದಳು. ವಿಜ್ಞಾನದ ತೀರ್ಥೇಶ್ ಮೇಷ್ಟ್ರಿಗೆ ತಮಾಷೆ ಜಾಸ್ತಿ. ಒಮ್ಮೆ, "ಏನ್ ಮೇಡಂ, ಇವತ್ತು ಗಿರಾಕಿ ಇತ್ತಾ?" ಎಂದುಬಿಟ್ಟರು.

"ಇಟ್ ಇಲ್ ಬಿಹೋವ್ಸ್ ಯೂ ತೀರ್ಥೇಶ್ ಸಾರ್," ಎಂದಳು, ಇದು ನಿಮಗೆ ಶೋಭೆಯಲ್ಲ ಎಂಬರ್ಥದಲ್ಲಿ. "ಅರ್ಥ ಗೊತ್ತಾಗ್ದಿದ್ರೆ ನನ್ನ ಕ್ಲಾಸಿಗೆ ಬಂದು ಕೂತ್ಕೊಳ್ಳಿ. ಹಿಂದಿನ ಬೆಂಚಲ್ಲಿ ಜಾಗ ಇದೆ."

ಮುಂದೆ ತೀರ್ಥೇಶರೇ ಎಷ್ಟೋ ಬೆಳಿಗ್ಗೆ ಅವಳ ಮೊದಲ ಪೀರಿಯಡ್ ತೆಗೆದುಕೊಂಡರು.

ನಾನು ಅದರೊಳಗೆ ಹೇಗೆ ಬಂದೆ ಎಂದರೆ ನಮ್ಮ ಹಿತ್ತಲಿನ ಎಲಚಿ ಗಿಡದಿಂದ. ಸ್ನಾನದ ನೀರಿಗೆ ಎಲಚಿ ಎಲೆ ಹಾಕಿ ಕುದಿಸುತ್ತಾರೆ. ಎಲೆ ಕೀಳಲು ಅವಳು ನಮ್ಮ ಮನೆಗೆ ಬರುತ್ತಿದ್ದಳು. ನಮ್ಮದು ಲಿಂಗಾಯತರ ಮನೆ, ಅತ್ತೆ ಲಿಂಗಮ್ಮ ಮಡಿಯವರು. ಮೊದಮೊದಲು ನಾನು ಅವಳ ಜೊತೆ ಹೋಗಿಬಂದರೆ, "ಲೇ ಪಂಕಜಾಕ್ಷಿ, ಹಿತ್ಲು ಬಾಗ್ಲಲ್ಲಿ ಬಾರೇ, ನೀರು ಹಾಕ್ಕೊಂಡೇ ಒಳಗೆ ಬಾ," ಎಂದು ಕೂಗುತ್ತಿದ್ದರು. ಆಮೇಲಾಮೇಲೆ ಶರೀಫಾಳನ್ನು ಕಂಡರೆ ಅವರೇ ಕುಡುಗೋಲು ತೆಗೆದುಕೊಂಡು ಏಳುವರು. "ಇರು ತಾಯಿ, ಮುಳ್ಳು ಚುಚ್ಚೀತು. ನಾನೇ ಕಿತ್ಕೊಡ್ತೀನಿ. ಯಾರು ಪಾಪ, ದೊಡ್ಡೋರಾ?"

ಎಲೆ ಹಿಡಿದುಕೊಂಡು ಜೊತೆಗೆ ಹೋದವಳು ಅಲ್ಲೇ ಉಳಿದೆ. ಪರದೆಯ ಹೊರಗೆ ಒಲೆಯ ಮುಂದೆ ಕುಳಿತು ನೀರು ಕಾಯಿಸುವುದು, ಹದ ಮಾಡಿ ತಂಬಿಗೆ ತುಂಬಿ ಪರದೆಯ ಸಂದಿನಿಂದ ಕೊಡುವುದು ನನ್ನ ಪಾಲಿಗೆ ಬಂತು. ಒಳಗೆ ಅವಳು ಜೊತೆಯ ಹೆಂಗಸರಿಗೆ ಹೇಳಿಕೊಡುವುದು ನನಗೆ ಕೇಳಿಸುತ್ತಿತ್ತು. ಬಹಳ ಮೆತ್ತಗೆ ಹೇಳುವಳು, ಮಲಗಿರುವವಳು ಎಚ್ಚರಾದಾಳು ಎನ್ನುವ ಹಾಗೆ. ಮನೆಯವರು ದಖ್ಖನಿಯಲ್ಲಿ ಮಾತಾಡಿದರೆ ದಖ್ಖನಿ, ಇಲ್ಲದಿದ್ದರೆ ಕನ್ನಡ.

"ನಿನಗ್ಯಾಕೆ ಇದೆಲ್ಲ ಅಂತ ಯಾರೂ ಕೇಳಲ್ವಾ?" ಎಂದು ಒಮ್ಮೆ ಕೇಳಿದೆ.

"ಫರ್ಜೆ ಕಿಫಾಯಾ ಅಂತಾರೆ ನಮ್ಮಲ್ಲಿ. ಇದು ಊರಿನ ಮೇಲಿರೋ ಕೆಲಸ. ಯಾರೋ ಒಬ್ಬರು ಮಾಡಿದ್ರೆ ಎಲ್ಲರಿಗೂ ಬಿಡುಗಡೆ. ಯಾರೂ ಮಾಡ್ದಿದ್ರೆ ಎಲ್ಲರಿಗೂ ಪಾಪ."

"ಅಂದ್ರೆ ಎಲ್ರೂ ಇನ್ನೊಬ್ರು ಮಾಡ್ತಾರೆ ಬಿಡು ಅಂತ ಕೂತ್ಬಿಟ್ರೆ?"

"ಕೂತೇ ಇದ್ದಾರಲ್ಲೇ!" ಎಂದು ನಕ್ಕಳು.

ನಗು ಇದ್ದರೂ ಚಿಂತೆಯೂ ಇತ್ತು. ನಿವೃತ್ತಿಯಾದ ಮೇಲೆ ಆ ಚಿಂತೆ ದೊಡ್ಡದಾಯಿತು. ಹಾಜಿರಾಬಿ ಮುದುಕಿಯಾಗಿದ್ದಳು. ಶರೀಫಾಳ ನಂತರ ತರೀಕೆರೆಯಲ್ಲಿ ಈ ಕೆಲಸಕ್ಕೆ ಯಾರು? ಅವಳ ಮನಸ್ಸು ತಮ್ಮನ ಮಗಳು ಮದೀಹಾಳ ಮೇಲಿತ್ತು. ಅವಳನ್ನು ಎತ್ತಿ ಆಡಿಸಿ ಬೆಳೆಸಿದ್ದು ಇವಳೇ. ಬಿ.ಕಾಂ. ಮುಗಿಸಿ ಊರಿನಲ್ಲೇ ಲೆಕ್ಕಪತ್ರದವರೊಬ್ಬರ ಕಚೇರಿಗೆ ಹೋಗುತ್ತಿದ್ದ ಹುಡುಗಿ. ಸೋದರತ್ತೆಯನ್ನು ಫುಪ್ಪು ಎಂದು ಕರೆಯುತ್ತ ಅವಳ ಸುತ್ತಲೇ ಇರುತ್ತಿದ್ದಳು. ಒಮ್ಮೆ ಜೊತೆಗೆ ಬಂದಿದ್ದಳು. ಪರದೆಯೊಳಗೆ ಹೋದವಳು ಹೋದ ಹಾಗೇ ಹೊರಗೆ ಬಂದು, ಗೋಡೆ ಹಿಡಿದುಕೊಂಡು ವಾಂತಿ ಮಾಡಿದಳು. ಆಮೇಲೆ ಸಾವಿನ ಸುದ್ದಿ ಬಂದರೆ ತನ್ನ ಕೋಣೆ ಸೇರಿಕೊಳ್ಳುತ್ತಿದ್ದಳು.

ಹೋದ ವರ್ಷ ಶರೀಫಾಳ ಹೊಟ್ಟೆಯಲ್ಲಿ ಗೆಡ್ಡೆ ಕಾಣಿಸಿತು. ಶಿವಮೊಗ್ಗದಲ್ಲಿ ನೋಡಿದರು. ತಡವಾಗಿದೆ ಎಂದರು. ಅವಳು ಅದನ್ನು ಒಪ್ಪಿಕೊಂಡಷ್ಟು ಬೇಗ ನಾವು ಯಾರೂ ಒಪ್ಪಿಕೊಳ್ಳಲಿಲ್ಲ. ಮಂಚದ ಪಕ್ಕ ಕುಳಿತಿದ್ದ ನನಗೆ ಒಂದು ಸಂಜೆ ಹೇಳಿದಳು:

"ಪಂಕಜಾ, ಒಂದಾಸೆ. ನನ್ನ ಕೊನೇ ನೀರು ಬೇರೆ ಊರಿಂದ ಬಂದೋರ ಕೈಯಲ್ಲಿ ಆಗ್ಬಾರ್ದು. ಮದೀಹಾ ಕೈಯಲ್ಲಾಗ್ಲಿ. ಹಂಗಾದ್ರೆ ಊರಿಗೂ ಒಬ್ಳು ಉಳ್ಕೊಂಡಂಗಾಯ್ತು."

"ಅವಳಿಗೆ ಹೇಳು."

"ಹೇಳಲ್ಲ."

"ನಾನ್ ಹೇಳ್ತೀನಿ ಬಿಡು."

ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಹಿಡಿತದಲ್ಲಿ ಬಲವೇ ಇರಲಿಲ್ಲ. "ನನ್ನಾಣೆ, ಹೇಳ್ಬೇಡ. ಸಾಯೋಳು ಕೇಳಿದ್ಲು ಅಂತ ಹುಡುಗಿ ಹೂಂ ಅಂತಾಳೆ. ಹಂಗೆ ಹೂಂ ಅನ್ನಿಸಿದ್ರೆ ಅದು ಮಸ್ಟ್ ಕಣೇ. ಜೀವಮಾನವಿಡೀ ಆ ಭಾರ ಹೊತ್ಕೋತಾಳೆ. ಬೇಡ."

"ಮತ್ತೆ ಅವಳಿಗೆ ಗೊತ್ತಾಗೋದು ಹೆಂಗೆ?"

"ಗೊತ್ತಾಗ್ದಿದ್ರೆ ಬೇಡ. ಹಾಜಿರಾಬಿ ಬರ್ತಾಳೆ."

ಆಮೇಲೆ ಆ ಮಾತು ಎತ್ತಲಿಲ್ಲ. ಕೊನೆಯ ವಾರಗಳಲ್ಲಿ ಯಾರನ್ನೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನಾನು ಹೋದರೆ ಬಾಗಿಲ ಆಚೆಯಿಂದಲೇ, "ಇವತ್ ಬೇಡ ಪಂಕಜಾ, ನಾಳೆ ಬಾ," ಎನ್ನುತ್ತಿದ್ದಳು. ನೋವಿನಲ್ಲಿರುವುದನ್ನು ನಾನು ನೋಡಬಾರದೆಂದು. ಒಳಗೆ ಹೋಗುತ್ತಿದ್ದವಳು ಶೌಕತ್ ಅಲಿಯ ಹೆಂಡತಿ ತರನ್ನುಮ್ ಮಾತ್ರ. ದಿನವೂ ಹೋಗುತ್ತಿದ್ದೆ, ದಿನವೂ ಬಾಗಿಲಿನಿಂದ ವಾಪಸ್ ಬರುತ್ತಿದ್ದೆ.

ಒಂದು ಬೆಳಿಗ್ಗೆ ಶೌಕತ್ ಅಲಿಯ ಫೋನ್ ಬಂತು. "ಅಕ್ಕಾ, ಆಪಾ ಹೋಗ್ಬಿಟ್ಳು."

ನಾನು ಹೋದಾಗ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಗಳು ಬಂದಿದ್ದವು. ಗಂಡಸರು ಹೊರಗೆ, ಹೆಂಗಸರು ಒಳಗೆ. ಅವಳನ್ನು ನಡುಮನೆಯಲ್ಲಿ ಮಲಗಿಸಿ, ತಲೆಗೆ ಬಟ್ಟೆ ಸುತ್ತಿ, ಗಲ್ಲದವರೆಗೆ ಬಿಳಿಯ ಚಾದರ ಹೊದಿಸಿದ್ದರು. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮಣ್ಣು ಎಂದು ಗೊತ್ತಾಗಿತ್ತು. ಅಜ್ಜಂಪುರದಿಂದ ಹಳೆಯ ವಿದ್ಯಾರ್ಥಿಗಳು ಬಂದರು. ಅಶ್ವಿನಿ ಬಂದಳು, ತಾನೂ ಈಗ ಮೇಡಂ ಆದವಳು, ಜೋರಾಗಿ ಅತ್ತಳು. ಒಬ್ಬರು ಬಂದರೆ ಒಂದು ಅಳು. ನಾನು ಮೂಲೆಯಲ್ಲಿ ಕುಳಿತಿದ್ದೆ. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ಬಿಸಿಲು ನೆತ್ತಿಗೆ ಬರುವ ಮುಂಚೆ ಕುಡಿಯುವ ನೀರಿಗೆಂದು ಹಿತ್ತಲಿಗೆ ಹೋದೆ. ಹಂಡೆ ಬೋರಲು ಬಿದ್ದಿತ್ತು. ಒಲೆಯಲ್ಲಿ ಬೂದಿ ತಣ್ಣಗಿತ್ತು. ಹಲಗೆ ಬಂದಿರಲಿಲ್ಲ, ಪರದೆ ಕಟ್ಟಿರಲಿಲ್ಲ. ನನಗೆ ತಕ್ಷಣ ಅರ್ಥವಾಗಲಿಲ್ಲ. ಇಷ್ಟು ಹೊತ್ತಿಗೆ ನೀರು ಕುದಿಯುತ್ತಿರಬೇಕಿತ್ತು.

ತರನ್ನುಮ್‌ಳನ್ನು ಕರೆದು ಕೇಳಿದೆ: "ಸ್ನಾನಕ್ಕೆ ಯಾರು ಬರ್ತಿದ್ದಾರಮ್ಮ?"

"ಹೊರಗಡೆ ಗಂಡಸ್ರು ಹೇಳಿರ್ಬೇಕಲ್ಲ ಟೀಚರ್?"

ಹೊರಗೆ ಹೋಗಿ ಶೌಕತ್ ಅಲಿಯನ್ನು ಕೇಳಿದೆ. "ಒಳಗೆ ಹೆಂಗಸ್ರು ಕಡೂರಿಗೆ ಫೋನ್ ಮಾಡಿರ್ತಾರೆ ಅನ್ಕೊಂಡೆ ಅಕ್ಕಾ," ಎಂದ. ಮಸೀದಿ ಕಮಿಟಿಯ ತನ್ವೀರ್ ಪಕ್ಕದಲ್ಲೇ ಇದ್ದ. "ಹಲಗೆಗೆ ಹೇಳಿಕಳಿಸ್ತಾರೆ ಅಂತ ನಾವು ಕಾಯ್ತಿದ್ವಿ. ಹೆಂಗಸ್ರು ಹೋದ್ರೆ ಎಲ್ಲ ಟೀಚರೇ ನೋಡ್ಕೊಳ್ತಿದ್ರಲ್ಲ. ನಮಗೆ..." ಎಂದ.

ಊರಿಗೆ ಊರೇ ಅವಳ ಮನೆಯ ಅಂಗಳದಲ್ಲಿ ಕುಳಿತು ಅವಳಿಗಾಗಿ ಕಾಯುತ್ತಿತ್ತು.

ಶೌಕತ್ ಅಲಿ ಮುಖ ಒರೆಸಿಕೊಂಡ. "ನಿಮಗೆ ಹೇಳ್ಬಾರ್ದು ಅಂತಿದ್ದೆ ಅಕ್ಕಾ. ಬೆಳಿಗ್ಗೆ ಮಸೀದಿ ಮುಂದೆ ನಿಂತು ಯಾರಿಗೆ ತಿಳಿಸ್ಲಿ ಅಂತ ಫೋನ್ ತಗೊಂಡ್ನಾ, ಕೈ ಮೊದ್ಲು ಆಪಾ ನಂಬರಿಗೇ ಹೋಯ್ತು. ರಿಂಗಾಗ್ತಿತ್ತು. ತರನ್ನುಮ್ ಎತ್ತಿದ್ಲು. ಆಪಾ ದಿಂಬಿನ ಕೆಳಗಿತ್ತಂತೆ."

ಹಾಜಿರಾಬಿಗೆ ಫೋನ್ ಮಾಡಿದರು. ಅವಳ ಮಗ ಎತ್ತಿದ. ಅಮ್ಮನಿಗೆ ಕಣ್ಣಿನ ಆಪರೇಷನ್ ಆಗಿದೆ, ಹಾಸಿಗೆಯಿಂದ ಏಳಬೇಡಿ ಎಂದಿದ್ದಾರೆ, ಸುದ್ದಿ ಕೇಳಿ ಅಳುತ್ತಿದ್ದಾಳೆ ಎಂದ. ಶಿವಮೊಗ್ಗದಲ್ಲಿ ಒಬ್ಬರಿದ್ದರು, ಬರುವಾಗ ಸಂಜೆಯಾಗುತ್ತದೆ ಎಂದರು. ಮಸೀದಿಯ ಹಜ಼ರತ್ತರು ಅಷ್ಟು ತಡ ಮಾಡುವುದು ಸರಿಯಲ್ಲ, ಮನೆಯ ಹೆಣ್ಣುಮಕ್ಕಳೇ ಮಾಡಿಸಬಹುದು ಎಂದು ಹೇಳಿಕಳಿಸಿದರು.

ಒಳಗೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಇವಳ ಜೊತೆ ಒಂದೊಂದು ಸಲ ಕೈಹಾಕಿದವರು ಅವರಲ್ಲಿದ್ದರು. ಆದರೆ ಶರೀಫಾ ಹೇಳಿದಂತೆ ನೀರು ಹೊಯ್ದಿದ್ದರೇ ಹೊರತು ಯಾವುದರ ನಂತರ ಯಾವುದು ಎಂಬುದು ಯಾರಿಗೂ ಪೂರ್ತಿ ನೆನಪಿರಲಿಲ್ಲ. "ನಾನೊಬ್ಳೇ ಮಾಡ್ಲಾರೆ," ಎಂದಳು ತರನ್ನುಮ್.

ನನಗೆ ಗೊತ್ತಿತ್ತು. ಮೊದಲಿನಿಂದ ಕೊನೆಯವರೆಗೆ, ಅವಳ ದನಿಯಲ್ಲೇ ಗೊತ್ತಿತ್ತು. ಆದರೆ ಅದು ಅವರ ಧರ್ಮದ ಹೆಣ್ಣುಮಕ್ಕಳು ಮಾಡಬೇಕಾದದ್ದು, ನನ್ನ ಕೈಗೆ ಬರುವಂಥದ್ದಲ್ಲ. ಅಷ್ಟೂ ಕಾಲ ಪರದೆಯ ಹೊರಗೆ ಕುಳಿತವಳಿಗೆ ಆ ಪರದೆ ಯಾವತ್ತೂ ಅಡ್ಡ ಎನ್ನಿಸಿರಲಿಲ್ಲ. ಅವತ್ತು ಅನ್ನಿಸಿತು.

"ಹೊರಗೆ ನಿಂತು ನಾನು ಹೇಳ್ತಾ ಹೋಗ್ತೀನಿ," ಎಂದೆ.

ಶೌಕತ್ ಅಲಿಯ ದೊಡ್ಡಮ್ಮ ಒಬ್ಬರು ಗೋಡೆಗೊರಗಿ ಕುಳಿತಿದ್ದರು. "ಇವ್ರ ಬಾಯಲ್ಲಿ ಕೇಳ್ಕೊಂಡು ನಾವು ಗುಸುಲ್ ಸ್ನಾನ ಮಾಡ್ಸೋದಾ? ನಕ್ಕೋ ಬಾಬಾ, ಬೇಡ," ಎಂದರು. ಮತ್ತೆ ಹಜ಼ರತ್ತರಿಗೆ ಕೇಳಿಕಳಿಸಿದರು. ಅವರು ಬಾಗಿಲ ತನಕ ಬಂದು, ಒಳಗೆ ನೋಡದೆ ಹೇಳಿದರು: "ಹೇಳೋದಕ್ಕೆ ಏನೂ ತೊಂದ್ರೆ ಇಲ್ಲಮ್ಮ. ಕೈ ನಮ್ಮ ಹೆಣ್ಮಕ್ಕಳದಾಗಿರ್ಲಿ, ಸಾಕು."

ಹಾಗಾದರೆ ಯಾರ ಕೈ? ಮದೀಹಾ ಶರೀಫಾಳ ಕಾಲಿನ ಹತ್ತಿರ ಮಂಡಿ ಮಡಚಿ ಕುಳಿತಿದ್ದಳು. ನಾನು ಅವಳ ಕಡೆ ನೋಡಲಿಲ್ಲ. ನೋಡಿದರೆ ಅದೂ ಹೇಳಿದಂತೆಯೇ. ಕಿಟಕಿಯ ಸರಳು ನೋಡುತ್ತ ನಿಂತೆ. ಒಂದು ಮಾತು ಸಾಕಿತ್ತು. ನಿನ್ನ ಫುಪ್ಪು ನಿನ್ನನ್ನೇ ಬಯಸಿದ್ದಳು ಕಣೇ. ಆ ಮಾತನ್ನು ನುಂಗಿಕೊಂಡದ್ದರಷ್ಟು ಕಷ್ಟದ ಕೆಲಸ ನಾನು ಬೇರೆ ಮಾಡಿಲ್ಲ.

"ನೀರಿಗೆ ಎಷ್ಟು ಎಲೆ ಹಾಕ್ತಾರೆ ಟೀಚರ್?"

ಮದೀಹಾ ಎದ್ದು ನಿಂತಿದ್ದಳು. ದುಪಟ್ಟಾ ಬಿಚ್ಚಿ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದಳು. ಮುಖ ಬಿಳಿಚಿತ್ತು.

"ಒಂದು ಬೊಗಸೆ," ಎಂದೆ.

ಹಲಗೆ ಬಂತು, ನಮ್ಮ ಹಿತ್ತಲಿನ ಎಲಚಿ ಎಲೆ ಬಂತು, ಪರದೆ ಕಟ್ಟಿದರು. ನಾನೇ ಒಲೆ ಹಚ್ಚಿದೆ. ಒಳಗೆ ಮದೀಹಾ, ತರನ್ನುಮ್, ನೆರೆಯ ಇನ್ನೊಬ್ಬಳು. ಹೊರಗೆ ಹಂಡೆಯ ಪಕ್ಕ ನಾನು. ಮಾತು ಶುರುಮಾಡುವಾಗ ನನಗರಿವಿಲ್ಲದೆ ದನಿ ಮೆತ್ತಗಾಯಿತು.

"ಮೇಲಿನ ಚಾದರ ತೆಗೀಬೇಡಿ. ಹೊಕ್ಕುಳಿಂದ ಮಂಡಿ ತನಕ ಬಟ್ಟೆ ಇರ್ಲಿ. ಎಡಗೈಗೆ ಬಟ್ಟೆ ಸುತ್ಕೊ. ಹೂಂ. ಮೊದ್ಲು ಕೆಳಗೆ ಶುದ್ಧ ಮಾಡು, ನೋಡ್ದೆ, ಬಟ್ಟೆ ಒಳಗೇನೆ."

ಒಳಗಿನಿಂದ ನೀರಿನ ಸದ್ದು.

"ಆಮೇಲೆ ಟೀಚರ್?"

"ವಜ಼ು ಮಾಡ್ಸು, ನಮಾಜಿಗೆ ಮುಂಚೆ ತೊಳ್ಕೋತೀರಲ್ಲ ಹಂಗೆ. ಬಾಯಿಗೆ ಮೂಗಿಗೆ ನೀರು ಬಿಡ್ಬಾರ್ದು, ಒದ್ದೆ ಹತ್ತೀಲಿ ಒರೆಸು. ಮುಖ ತೊಳಿ. ಕೈ, ಮೊಣಕೈ ತನಕ, ಬಲಗೈ ಮೊದ್ಲು."

"ಆಮೇಲೆ?"

"ತಲೆಕೂದ್ಲು. ಸೋಪು ಹಚ್ಚಿ ಮೆತ್ತಗೆ. ಎಳೀಬೇಡ."

ಅವಳ ಕೂದಲು ಔಷಧಕ್ಕೆ ಉದುರಿ ಹೋಗಿತ್ತು ಎಂದು ಕೇಳಿದ್ದೆ, ಕಂಡಿರಲಿಲ್ಲ. ತರನ್ನುಮ್ ಬಿಕ್ಕಿದ್ದು ಕೇಳಿಸಿತು. "ಅಮ್ಮೀ, ಚುಪ್," ಎಂದಳು ಮದೀಹಾ.

"ಆಮೇಲೆ ಟೀಚರ್?"

"ಎಡಗಡೆ ಮಗ್ಗುಲಿಗೆ ಹೊರಳ್ಸಿ. ಬಲಭಾಗ ಮೇಲೆ ಬರ್ಬೇಕು. ತಲೆಯಿಂದ ಪಾದದ ತನಕ ಎಲೆ ನೀರು ಹಾಕು."

ತಂಬಿಗೆ ಕೊಟ್ಟೆ. ಪರದೆಯ ಸಂದಿನಿಂದ ಬಂದ ಕೈ ಮದೀಹಾಳದು. ಬಳೆ ತೆಗೆದಿಟ್ಟಿದ್ದಳು. ಇನ್ನೊಂದು ಮಗ್ಗುಲಿಗೆ ಹೊರಳಿಸಲು ಹೇಳಿದೆ. ಆಮೇಲೆ ಬೆನ್ನಿಗೆ ಆಸರೆ ಕೊಟ್ಟು ಸ್ವಲ್ಪ ಎಬ್ಬಿಸಿ, ಹೊಟ್ಟೆಯ ಮೇಲೆ ಮೆಲ್ಲಗೆ ಕೈ ಇಳಿಸಬೇಕು ಎಂದು ಹೇಳಬೇಕಾಗಿತ್ತು. ಆ ಹೊಟ್ಟೆ ಅವಳನ್ನು ಎಷ್ಟು ನೋಯಿಸಿತ್ತು. ನನ್ನ ಬಾಯಿ ಅಲ್ಲಿಗೆ ನಿಂತುಬಿಟ್ಟಿತು.

"ಟೀಚರ್, ಆಮೇಲೆ?"

ಸೆರಗು ಬಾಯಿಗಿಟ್ಟುಕೊಂಡೆ.

"ಟೀಚರ್? ಇದ್ದೀರಾ?"

"ಇದ್ದೀನಿ ಕಣೇ," ಎಂದೆ. ಆಮೇಲೆ ಹೇಳಿದೆ. ಕರ್ಪೂರದ ನೀರಿನ ತನಕವೂ ಹೇಳಿದೆ. ಕೊನೆಗೊಮ್ಮೆ, "ಆಮೇಲೆ?" ಎಂದಾಗ ಹೇಳಲು ಏನೂ ಉಳಿದಿರಲಿಲ್ಲ. "ಮುಗೀತು. ಒರೆಸು," ಎಂದೆ.

ಕಫನ್ ತೊಡಿಸಿ ನಡುಮನೆಗೆ ತಂದ ಮೇಲೆ ಮುಖ ತೋರಿಸಿದರು. ಸಾಲಿನಲ್ಲಿ ನಾನೂ ನೋಡಿದೆ. ಬಿಳಿಯ ಬಟ್ಟೆಯ ನಡುವೆ ಅಷ್ಟೇ ಅಷ್ಟು ಮುಖ. ಗಂಡಸರು ಜನಾಜಾ ಎತ್ತಿದರು. ಹೆಂಗಸರು ಬಾಗಿಲಲ್ಲಿ ನಿಂತೆವು. ಬೀದಿಯ ತಿರುವಿನಲ್ಲಿ ಅದು ಮರೆಯಾಯಿತು.

ಒಳಗೆ ಕೈಹಾಕಿದವರು ಸ್ನಾನ ಮಾಡುವುದು ರೂಢಿ. ಮದೀಹಾ ಮುಗಿಸಿಕೊಂಡು ಹಿತ್ತಲಿಗೆ ಬಂದು, ಆರುತ್ತಿದ್ದ ಒಲೆಯ ಮುಂದೆ ನನ್ನ ಪಕ್ಕ ಕುಳಿತಳು. ನೀರು ಇಳಿಯುತ್ತಿದ್ದ ತಲೆಯನ್ನು ನನ್ನ ಭುಜಕ್ಕಿಟ್ಟಳು. ಫುಪ್ಪು ಏನು ಬಯಸಿದ್ದಳೆಂದು ಆಗಲೂ ನಾನು ಹೇಳಲಿಲ್ಲ. ಈಗ ಇದನ್ನು ಓದಿದರೆ ತಿಳಿಯುತ್ತದೆ. ಇನ್ನು ತಿಳಿದರೆ ಭಾರವಾಗಲಾರದು ಎಂದು ನಂಬಿದ್ದೇನೆ. ಈ ನಡುವೆ ಎರಡು ಮನೆಗಳಿಂದ ಅವಳಿಗೆ ಕರೆ ಬಂತು, ಹೋಗಿ ಬಂದಿದ್ದಾಳೆ.

ಅವತ್ತು ಒಲೆಯ ಮುಂದೆ ಅವಳು ಅಳುತ್ತಿರಲಿಲ್ಲ. ಬೆಂಕಿ ನೋಡುತ್ತ ಮೆಲ್ಲಗೆ ಶುರುಮಾಡಿದಳು.

"ಟೀಚರ್, ಫುಪ್ಪು ಬೆನ್ನ ಮೇಲೆ..."

ನಾನು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಪರದೆಯೊಳಗೆ ಕಂಡದ್ದನ್ನು ಹೊರಗೆ ಆಡುವಂತಿಲ್ಲ. ಆ ಕೆಲಸಕ್ಕೆ ಕೈಹಾಕಿದವರು ಮೊದಲು ಪಾಲಿಸಬೇಕಾದ ನೇಮ ಅದು. ಎಷ್ಟು ಮನೆಗಳ ಎಷ್ಟು ಹೆಂಗಸರನ್ನು ಶರೀಫಾ ಹಾಗೆ ತನ್ನೊಳಗೇ ಇಟ್ಟುಕೊಂಡಿದ್ದಳೋ, ಬಸ್ಸಿನ ಪಕ್ಕದ ಸೀಟಿನವಳಿಗೂ ಒಂದು ದಿನ ಒಂದು ಮಾತು ಹೇಳಿದವಳಲ್ಲ.

"ಒಳಗೆ ನೋಡಿದ್ದು ಹೇಳ್ಬಾರ್ದು ಕಣೇ," ಎಂದೆ.

"ನಿಮಗೂ ಹೇಳ್ಬಾರ್ದಾ?"

"ನನಗೂ."

ಅವಳು ತಲೆಯಾಡಿಸಿದಳು.

ಆ ಬಾಗಿಲ ಹಿಂದೆ ಕೊನೆಯ ವಾರಗಳಲ್ಲಿ ನನ್ನ ಗೆಳತಿ ಏನು ಪಟ್ಟಳೆಂದು ಬಲ್ಲವರಲ್ಲಿ ಈಗ ಆ ಹುಡುಗಿಯೂ ಒಬ್ಬಳು. ವಾರಕ್ಕೊಮ್ಮೆ ಮನೆಗೆ ಬರುತ್ತಾಳೆ, ಕಾಫಿ ಕುಡಿಯುತ್ತಾಳೆ, ಕಚೇರಿಯ ಸುದ್ದಿ ಹೇಳುತ್ತಾಳೆ. ಅವಳು ಹೋಗುವ ತನಕ ನಾನು ಆ ಒಂದು ವಿಷಯ ಮಾತ್ರ ಕೇಳದೆ ಕುಳಿತಿರುತ್ತೇನೆ.